ಗಿಟಾರ್ ದನಿ ಕೆಟ್ಟಾಗ: ದೋಷ ತಂತಿಯದೋ, ನೆಕ್ಕಿನದೋ, ಪೆಟ್ಟಿಗೆಯದೋ?

ಗಿಟಾರಿನಲ್ಲಿ ಏನೋ ಸರಿಯಿಲ್ಲ ಅನ್ನಿಸಿದ ಕೂಡಲೇ ಹೆಚ್ಚಿನವರ ಕೈ ಹೋಗುವುದು ಟ್ರಸ್ ರಾಡಿಗೆ, ಅಂದರೆ ಗಿಟಾರಿನ ಕತ್ತಿನ (ನೆಕ್) ಬಾಗು ಸರಿಪಡಿಸಲು ಅದರೊಳಗೆ ಹಾಕಿರುವ ಲೋಹದ ಸರಳಿಗೆ. ಬಹಳಷ್ಟು ಸಲ ಅದು ತಪ್ಪು ಜಾಗ. ರಿಪೇರಿಗೆ ಇಳಿಯುವ ಮೊದಲು ಒಂದು ವಿಂಗಡಣೆ ಮಾಡಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಸ್ವರ ಯಾವುದು ಎಂದು ತೀರ್ಮಾನಿಸುವುದು ತಂತಿ ಮತ್ತು ಅದನ್ನು ಹಿಡಿದಿರುವ ಎರಡು ತುದಿಗಳು. ಆ ಸ್ವರ ಎಷ್ಟು ಜೋರು, ಎಷ್ಟು ಹೊತ್ತು, ಎಷ್ಟು ತುಂಬು ಎಂದು ತೀರ್ಮಾನಿಸುವುದು ಪೆಟ್ಟಿಗೆ. ಅಪಸ್ವರ ಕೇಳಿದರೆ ಪೆಟ್ಟಿಗೆಯನ್ನು ಅನುಮಾನಿಸಬೇಡಿ. ದನಿ ಮಂಕಾದರೆ ಟ್ಯೂನಿಂಗ್ ಕೀಯನ್ನು ಬೈಯಬೇಡಿ. ಜರ್ರ್ ಎನ್ನುವ ಸದ್ದು ಮಾತ್ರ ಎರಡೂ ಕಡೆಯಿಂದ ಬರಬಹುದು, ಹಾಗಾಗಿ ಅದಕ್ಕೆ ಇಲ್ಲಿ ಹೆಚ್ಚು ಜಾಗ.

ತಂತಿಯ ಸ್ವರ ಮೂರು ವಿಷಯಗಳ ಮೇಲೆ ನಿಂತಿದೆ: ಉದ್ದ, ಬಿಗಿತ, ಮತ್ತು ಉದ್ದದ ಪ್ರತಿ ಅಳತೆಗೆ ಇರುವ ತೂಕ. ಉದ್ದ ಅರ್ಧವಾದರೆ ಕಂಪನ ಎರಡು ಪಟ್ಟು, ಅಂದರೆ ಒಂದು ಸ್ಥಾಯಿ ಮೇಲಕ್ಕೆ. ಬಿಗಿತದಲ್ಲಿ ಅಷ್ಟು ಸುಲಭವಿಲ್ಲ, ಕಂಪನ ಎರಡು ಪಟ್ಟಾಗಲು ಬಿಗಿತ ನಾಲ್ಕು ಪಟ್ಟಾಗಬೇಕು. ಅರ್ಧ ಸ್ವರ ಏರಿಸಲು ಸುಮಾರು ಶೇ. 12ರಷ್ಟು ಹೆಚ್ಚು ಎಳೆಯಬೇಕು. ಕೆಳಗಿನ ಪರೀಕ್ಷೆಗಳೆಲ್ಲ ಈ ಲೆಕ್ಕದ ಮೇಲೆಯೇ ನಡೆಯುತ್ತವೆ.

ಬೇಕಾದ ಸಾಮಾನು ಕಡಿಮೆ: ಸೆಂಟ್ (ಅರ್ಧ ಸ್ವರದ ನೂರನೇ ಒಂದು ಭಾಗ) ತೋರಿಸುವ ಟ್ಯೂನರ್ ಆಪ್, ಅರ್ಧ ಮಿಲಿಮೀಟರ್ ಗೆರೆಗಳಿರುವ ಸ್ಟೀಲ್ ಸ್ಕೇಲ್, ಕ್ಯಾಪೊ (ತಂತಿಗಳನ್ನು ನೆಕ್ಕಿಗೆ ಒತ್ತಿ ಹಿಡಿಯುವ ಕ್ಲಿಪ್), ತೆಳು ಕಾಗದ, ಮೊಬೈಲ್ ಟಾರ್ಚ್, ಒಳಗೆ ಹಿಡಿಯಲು ಒಂದು ಪುಟ್ಟ ಕನ್ನಡಿ.

ಶುರು ಮಾಡುವ ಮೊದಲು

ಸ್ಟೀಲ್ ತಂತಿಯ ಗಿಟಾರಿನಲ್ಲಿ 12–53 ಗೇಜಿನ (ತಂತಿಯ ದಪ್ಪ, ಇಂಚಿನ ಸಾವಿರದ ಭಾಗಗಳಲ್ಲಿ) ಆರೂ ತಂತಿಗಳು ಸೇರಿ ಎಳೆಯುವ ಭಾರ ಸುಮಾರು 70ರಿಂದ 75 ಕೆ.ಜಿ. ಬಿಗಿಯಾಗಿರುವ ತಂತಿಯನ್ನು ಕತ್ತರಿಸಿದರೆ ತುದಿ ಚಾಟಿಯಂತೆ ಮುಖಕ್ಕೆ ಬಡಿಯುತ್ತದೆ. ಪೂರ್ತಿ ಸಡಿಲಿಸಿ ಆಮೇಲೆ ಕತ್ತರಿಸಿ, ಕಣ್ಣಿಗೆ ಕನ್ನಡಕ ಇರಲಿ.

ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರಿಗೆ ಸ್ಟೀಲ್ ತಂತಿ ಹಾಕಬೇಡಿ. ಅದನ್ನು ಕಟ್ಟಿರುವುದು ಸುಮಾರು 40 ಕೆ.ಜಿ. ಎಳೆತಕ್ಕೆ. ಕೆಲವು ತಿಂಗಳಲ್ಲೇ ಬ್ರಿಡ್ಜ್ (ಪೆಟ್ಟಿಗೆಯ ಮೇಲೆ ತಂತಿಗಳನ್ನು ಹಿಡಿದಿರುವ ಮರದ ತುಂಡು) ಕಿತ್ತು ಬರಬಹುದು, ನೆಕ್ ಬಾಗಬಹುದು. ಅದನ್ನು ನೇರ ಮಾಡಲು ಹೆಚ್ಚಿನ ಕ್ಲಾಸಿಕಲ್ ಗಿಟಾರುಗಳಲ್ಲಿ ಟ್ರಸ್ ರಾಡ್ ಕೂಡ ಇರುವುದಿಲ್ಲ. ಗಿಟಾರನ್ನು ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಡುವುದೂ ಅಷ್ಟೇ ಕೆಟ್ಟದ್ದು: ಅಂಟು ಮೆತ್ತಗಾಗುತ್ತದೆ, ತಂತಿ ಎಳೆಯುತ್ತಲೇ ಇರುತ್ತದೆ.

ಶ್ರುತಿ ನಿಲ್ಲುತ್ತಿಲ್ಲ

ಹೊಸ ತಂತಿಯಾದರೆ ಇದು ದೋಷವೇ ಅಲ್ಲ. ಟ್ಯೂನಿಂಗ್ ಕೀಯ ಕಂಬಕ್ಕೆ ಸುತ್ತಿದ ಸುತ್ತುಗಳು ಬಿಗಿಯಾಗುತ್ತ ಹೋದಂತೆ ಸ್ವರ ಇಳಿಯುತ್ತದೆ. ಪ್ರತಿ ತಂತಿಯನ್ನು 12ನೇ ಫ್ರೆಟ್ (ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿ) ಬಳಿ ಬೆರಳಲ್ಲಿ ಮೆಲ್ಲಗೆ ಮೇಲಕ್ಕೆಳೆದು ಬಿಡಿ, ಮತ್ತೆ ಶ್ರುತಿ ಮಾಡಿ. ಎಳೆದರೂ ಸ್ವರ ಇಳಿಯದ ತನಕ ಇದೇ ಕೆಲಸ. ಕಂಬಕ್ಕೆ ಎರಡು ಮೂರು ಸುತ್ತು ಸಾಕು. ದಪ್ಪ ತಂತಿಗೆ ಆರೇಳು ಸುತ್ತಿದ್ದರೆ ಅದೇ ಸಡಿಲದ ಮೂಲ.

ಶ್ರುತಿ ಏರಿಸುವಾಗ ಟಿಣ್ ಎಂದು ಸದ್ದು ಬಂದು ಸ್ವರ ಒಮ್ಮೆಲೇ ಜಿಗಿದರೆ ತಂತಿ ನಟ್ಟಿನ (ನೆಕ್ಕಿನ ಮೇಲ್ತುದಿಯಲ್ಲಿ ತಂತಿಗಳು ಹಾಯುವ ಪಟ್ಟಿ) ಗಾಡಿಯಲ್ಲಿ, ಅಂದರೆ ತಂತಿ ಕೂರುವ ತೋಡಿನಲ್ಲಿ, ಸಿಕ್ಕಿಕೊಳ್ಳುತ್ತಿದೆ ಎಂದರ್ಥ. ಕೀ ತಿರುಗಿಸಿದಾಗ ನಟ್ಟಿನ ಆಚೆಯ ತುಂಡು ಮಾತ್ರ ಬಿಗಿಯಾಗುತ್ತದೆ. ಘರ್ಷಣೆ ಮೀರಿದಾಗ ಆ ಬಿಗಿತ ಒಮ್ಮೆಗೇ ಈಚೆ ಹರಿಯುತ್ತದೆ. ನುಡಿಸುತ್ತಿರುವಾಗಲೂ ಇದೇ ನಡೆಯುವುದರಿಂದ ಹಾಡಿನ ಮಧ್ಯೆ ಶ್ರುತಿ ತಪ್ಪುತ್ತದೆ. ತಂತಿ ಸರಿಸಿ, ಗಾಡಿಯೊಳಗೆ ಮೆತ್ತನೆಯ 2ಬಿ ಅಥವಾ 4ಬಿ ಪೆನ್ಸಿಲಿನ ಸೀಸ ಉಜ್ಜಿ. ಎಣ್ಣೆ ಬೇಡ, ಅದು ಮರಕ್ಕಿಳಿಯುತ್ತದೆ, ಧೂಳನ್ನೂ ಹಿಡಿಯುತ್ತದೆ. ತೆಳು ತಂತಿಯ ಗಾಡಿಗೆ ದಪ್ಪ ಗೇಜ್ ಹಾಕಿದ್ದರೆ ಸೀಸ ಸಾಲದು, ಗಾಡಿಯನ್ನು ಅರದಿಂದ ಅಗಲಿಸಬೇಕಾಗುತ್ತದೆ.

ಇನ್ನೊಂದು ಅಭ್ಯಾಸ ಬಿಟ್ಟಿಯಾಗಿ ಫಲ ಕೊಡುತ್ತದೆ. ಸ್ವರ ಏರಿ ಹೋಗಿದ್ದರೆ ನೇರವಾಗಿ ಇಳಿಸಿ ನಿಲ್ಲಿಸಬೇಡಿ. ಬೇಕಾದ್ದಕ್ಕಿಂತ ಕೆಳಗೆ ಇಳಿಸಿ, ಅಲ್ಲಿಂದ ಮೇಲಕ್ಕೆ ಬಂದು ನಿಲ್ಲಿ. ಕೀಯೊಳಗಿನ ಹಲ್ಲುಗಳ ನಡುವಿನ ಸಡಿಲ ಆಗ ಒಂದೇ ಕಡೆ ಒರಗಿ ನಿಲ್ಲುತ್ತದೆ. ಇಷ್ಟಾದ ಮೇಲೂ ಒಂದೇ ತಂತಿ ಇಳಿಯುತ್ತಿದ್ದರೆ ಆ ಕೀಯ ಸ್ಕ್ರೂ ಮತ್ತು ಮುಂಬದಿಯ ನಟ್ ಬಿಗಿ ಮಾಡಿ ನೋಡಿ. ಕೀಯನ್ನು ಬದಲಾಯಿಸುವುದು ಕೊನೆಯ ಮಾತು.

ಮೊಬೈಲ್ ಆಪ್ ಆರನೇ ತಂತಿಯನ್ನು ಹಿಡಿಯದೆ ಮುಳ್ಳು ಆಡುತ್ತಲೇ ಇದ್ದರೆ ಗಿಟಾರಿನ ತಪ್ಪಲ್ಲ. ಕೆಳಗಿನ ಇ ಸ್ವರ ಸೆಕೆಂಡಿಗೆ 82.4 ಕಂಪನ. ಅಷ್ಟು ತಗ್ಗಿನ ಕಂಪನವನ್ನು ಗಿಟಾರಿನ ಪೆಟ್ಟಿಗೆ ಗಾಳಿಗೆ ಕೊಡುವುದೇ ಕಡಿಮೆ, ಮೊಬೈಲ್ ಮೈಕ್ ಹಿಡಿಯುವುದು ಇನ್ನೂ ಕಡಿಮೆ. ನಮ್ಮ ಕಿವಿ 165, 247 ಹರ್ಟ್ಜ್‌ನ ಮೇಲಿನ ಹಾರ್ಮೋನಿಕ್‌ಗಳನ್ನು (ಮೂಲಸ್ವರದ ಎರಡು, ಮೂರು ಪಟ್ಟಿನ ಕಂಪನಗಳನ್ನು) ಕೇಳಿ ಮೂಲಸ್ವರವನ್ನು ತಾನೇ ತುಂಬಿಕೊಳ್ಳುತ್ತದೆ; ಆಪಿಗೆ ಆ ಜಾಣತನವಿಲ್ಲ. 12ನೇ ಫ್ರೆಟ್ ಮೇಲೆ ಬೆರಳು ಸೋಕಿಸಿ ಹಾರ್ಮೋನಿಕ್ ನುಡಿಸಿ, ಮುಳ್ಳು ನಿಲ್ಲುತ್ತದೆ.

ಓಪನ್ ತಂತಿ ಸರಿ, ಮೇಲಿನ ಫ್ರೆಟ್‌ಗಳಲ್ಲಿ ಅಪಸ್ವರ

12ನೇ ಫ್ರೆಟ್‌ನ ಹಾರ್ಮೋನಿಕ್ ನುಡಿಸಿ, ಅದೇ ಫ್ರೆಟ್ ಒತ್ತಿ ನುಡಿಸಿ, ಎರಡನ್ನೂ ಟ್ಯೂನರಿನಲ್ಲಿ ಹೋಲಿಸಿ. ಅರ್ಧ ಸ್ವರಕ್ಕೆ 100 ಸೆಂಟ್. ಐದು ಸೆಂಟ್ ಒಳಗಿನ ವ್ಯತ್ಯಾಸವನ್ನು ಮರೆತುಬಿಡಿ. ಹತ್ತು ದಾಟಿದರೆ ಹುಡುಕಬೇಕು.

ಮೊದಲ ಅನುಮಾನ ಹಳೆ ತಂತಿಯ ಮೇಲೆ. ಬೆವರು, ಕೊಳೆ, ತುಕ್ಕು ತಂತಿಯ ಉದ್ದಕ್ಕೂ ಸಮನಾಗಿ ಕೂರುವುದಿಲ್ಲ. ಫ್ರೆಟ್ ತಾಕುವಲ್ಲಿ ಸುರುಳಿ ಸವೆದು ಚಪ್ಪಟೆಯಾಗುತ್ತದೆ. ತೂಕ ಒಂದೊಂದು ಕಡೆ ಒಂದೊಂದಾದರೆ ಅರ್ಧ ಉದ್ದದ ತಂತಿ ಸರಿಯಾಗಿ ಎರಡು ಪಟ್ಟು ಕಂಪಿಸುವುದಿಲ್ಲ. ತಂತಿಯ ಕೆಳಮೈಗೆ ಉಗುರು ಓಡಿಸಿ, ಹಳ್ಳಗಳು ಸಿಕ್ಕಿದರೆ ಸೆಟ್ ಬದಲಿಸಿ ಮತ್ತೆ ಅಳೆಯಿರಿ. ಹಳೆ ತಂತಿಯಲ್ಲಿ ಅಳೆದು ಸ್ಯಾಡಲ್ (ಬ್ರಿಡ್ಜಿನ ಮೇಲೆ ತಂತಿಗಳು ಒರಗುವ ಪಟ್ಟಿ) ಉಜ್ಜಿದರೆ ಆ ಉಜ್ಜಿದ್ದು ವಾಪಸ್ ಬರುವುದಿಲ್ಲ.

ಹೊಸ ತಂತಿಯಲ್ಲೂ ಒತ್ತಿದ ಸ್ವರ ಶಾರ್ಪ್ (ಬೇಕಾದ್ದಕ್ಕಿಂತ ಮೇಲೆ) ಇದ್ದರೆ ಎರಡನೆಯದು ಆಕ್ಷನ್, ಅಂದರೆ ಫ್ರೆಟ್ ಮೇಲೆ ತಂತಿ ನಿಂತಿರುವ ಎತ್ತರ. 12ನೇ ಫ್ರೆಟ್ ಮೇಲೆ ಅಳೆಯಿರಿ: ಸ್ಟೀಲ್ ಗಿಟಾರಿನಲ್ಲಿ ಆರನೇ ತಂತಿಗೆ 2.4 ಮಿ.ಮೀ., ಮೊದಲ ತಂತಿಗೆ 1.8 ಮಿ.ಮೀ. ಆಸುಪಾಸು; ನೈಲಾನಿಗೆ 4 ಮತ್ತು 3 ಮಿ.ಮೀ. ತಂತಿ ಎತ್ತರದಲ್ಲಿದ್ದಷ್ಟೂ ಒತ್ತಿದಾಗ ಹೆಚ್ಚು ಹಿಗ್ಗುತ್ತದೆ, ಬಿಗಿತ ಏರುತ್ತದೆ, ಸ್ವರವೂ ಏರುತ್ತದೆ. 12ನೇ ಫ್ರೆಟ್ ತಂತಿಯ ನಡುಮಧ್ಯ. ಆದ್ದರಿಂದ ಅಲ್ಲಿ ಅರ್ಧ ಮಿಲಿಮೀಟರ್ ಇಳಿಯಲು ಸ್ಯಾಡಲಿನ ಬುಡದಿಂದ ಒಂದು ಮಿಲಿಮೀಟರ್ ತೆಗೆಯಬೇಕು. ಗಾಜಿನ ಮೇಲೆ ಅಂಟಿಸಿದ 120 ನಂಬರಿನ ಉಪ್ಪುಕಾಗದ ಸಾಕು. ಬುಡ ಡೊಂಕಾಗದಂತೆ ನೇರ ಹಿಡಿದು ಉಜ್ಜಿ, ನಡುನಡುವೆ ಅಳೆಯುತ್ತಿರಿ.

ಮೂರನೆಯದು ಸ್ಯಾಡಲಿನ ಜಾಗ. ಇದರಲ್ಲಿ ಜನ ಅತಿಯಾದ ನಂಬಿಕೆ ಇಡುತ್ತಾರೆ. 645 ಮಿ.ಮೀ. ತಂತಿಯಲ್ಲಿ ಸ್ಯಾಡಲಿನ ತಾಕುವ ಅಂಚು 1 ಮಿ.ಮೀ. ಹಿಂದೆ ಸರಿದರೆ, ಓಪನ್ ಸ್ವರಕ್ಕೆ ಹೋಲಿಸಿದಾಗ 12ನೇ ಫ್ರೆಟ್ ಇಳಿಯುವುದು ಸುಮಾರು 2.7 ಸೆಂಟ್ ಅಷ್ಟೇ. ಅಕೂಸ್ಟಿಕ್ ಗಿಟಾರಿನ ಸ್ಯಾಡಲ್ ದಪ್ಪವೇ 2.4ರಿಂದ 3.2 ಮಿ.ಮೀ. ಅಂಚನ್ನು ಪೂರ್ತಿ ಹಿಂದಕ್ಕೆ ಕೆತ್ತಿದರೂ ಏಳೆಂಟು ಸೆಂಟ್‌ಗಿಂತ ಹೆಚ್ಚು ಸಿಗುವುದಿಲ್ಲ. ಆದ್ದರಿಂದ ಹದಿನೈದು, ಇಪ್ಪತ್ತು ಸೆಂಟ್ ತಪ್ಪಿದ್ದರೆ ಮತ್ತೆ ತಂತಿ, ಆಕ್ಷನ್ ಕಡೆಗೇ ಹೋಗಿ. ಅವೆರಡೂ ಸರಿಯಿದ್ದರೆ ಬ್ರಿಡ್ಜನ್ನೇ ತಪ್ಪು ಜಾಗದಲ್ಲಿ ಅಂಟಿಸಿದ್ದಾರೆ. ಅಗ್ಗದ ಗಿಟಾರುಗಳಲ್ಲಿ ಇದು ಅಪರೂಪವಲ್ಲ, ಮನೆಯಲ್ಲಿ ಸರಿಯಾಗುವುದೂ ಅಲ್ಲ. ಬಿ ತಂತಿ ಮಾತ್ರ ಶಾರ್ಪ್ ಆದರೆ ಅದಕ್ಕೆ ಬೇರೆ ಕಾರಣ: ಸುರುಳಿಯಿಲ್ಲದ ತಂತಿಗಳಲ್ಲಿ ಅದೇ ದಪ್ಪ, ಒತ್ತಿದಾಗ ಬಿಗಿತ ಬೇಗ ಏರುತ್ತದೆ. ಒಳ್ಳೆ ಸ್ಯಾಡಲಿನಲ್ಲಿ ಆ ಒಂದು ತಂತಿಯ ಅಂಚು ಹಿಂದಕ್ಕೆ ಕೆತ್ತಿರುವುದು ಅದಕ್ಕಾಗಿಯೇ.

ಮೊದಲ ಮೂರು ಫ್ರೆಟ್‌ಗಳಲ್ಲಿ ಮಾತ್ರ ಶಾರ್ಪ್, 12ರಲ್ಲಿ ಸರಿ ಎಂದಾದರೆ ನಟ್ಟಿನ ಗಾಡಿ ಎತ್ತರವಾಗಿದೆ. ಮೂರನೇ ಫ್ರೆಟ್ ಒತ್ತಿ ಹಿಡಿದು ಮೊದಲ ಫ್ರೆಟ್ ಮೇಲಿನ ಸಂದು ನೋಡಿ: ತೆಳು ಕಾಗದ ನುಸುಳುವಷ್ಟಿದ್ದರೆ ಸಾಕು. ಅದಕ್ಕಿಂತ ಹೆಚ್ಚಿದ್ದರೆ ಗಾಡಿ ಇಳಿಸಬೇಕು, ಆದರೆ ಅದಕ್ಕೆ ಅಳತೆಯ ಅರ ಬೇಕು. ಕೂದಲೆಳೆಯಷ್ಟು ಹೆಚ್ಚು ಇಳಿದರೂ ಕೆಳಗೆ ಹೇಳುವ ಜರ್ರ್ ಶುರುವಾಗುತ್ತದೆ.

ಜರ್ರ್ ಎನ್ನುತ್ತದೆ

ತಂಬೂರಿಯಲ್ಲಿ ಜೀವಾಳದ ಎಳೆ ಕೂರಿಸಿ ಬೇಕೆಂದೇ ತರಿಸುವ ಝೇಂಕಾರವೂ ಈ ಸದ್ದೂ ಹುಟ್ಟುವ ರೀತಿ ಒಂದೇ: ಕಂಪಿಸುವ ತಂತಿ ಯಾವುದಕ್ಕೋ ಮತ್ತೆ ಮತ್ತೆ ತಾಕುವುದು. ಎಲ್ಲಿ ತಾಕುತ್ತಿದೆ ಎಂಬುದೇ ಇಲ್ಲಿಯ ಪ್ರಶ್ನೆ. ಯಾವ ತಂತಿಯಲ್ಲಿ, ಯಾವ ಫ್ರೆಟ್‌ಗಳಲ್ಲಿ ಬರುತ್ತದೆ ಎಂದು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಆ ನಕ್ಷೆಯೇ ಅರ್ಧ ಉತ್ತರ.

ಓಪನ್ ತಂತಿಯಲ್ಲಿ ಮಾತ್ರ, ಯಾವ ಫ್ರೆಟ್ ಒತ್ತಿದರೂ ಮಾಯ: ನಟ್ಟಿನ ಗಾಡಿ ಇಳಿದುಹೋಗಿದೆ. ಮೇಲಿನ ಕಾಗದದ ಪರೀಕ್ಷೆಯಲ್ಲಿ ಸಂದೇ ಕಾಣುವುದಿಲ್ಲ. ತಾತ್ಕಾಲಿಕವಾಗಿ ಗಾಡಿಯೊಳಗೆ ಕಾಗದದ ಚೂರು ಇಟ್ಟು ನುಡಿಸಿ. ಸದ್ದು ಹೋದರೆ ರೋಗ ಗೊತ್ತಾಯಿತು, ನಟ್ ಬದಲಿಸಿಕೊಳ್ಳಿ.

ಒಂದರಿಂದ ಐದನೇ ಫ್ರೆಟ್‌ವರೆಗೆ ಎಲ್ಲ ತಂತಿಗಳಲ್ಲೂ: ನೆಕ್ ಅತಿ ನೇರವಾಗಿದೆ ಅಥವಾ ಹಿಂದಕ್ಕೆ ಬಾಗಿದೆ. ಮೀಟಿದ ತಂತಿ ನಡುವಿನಲ್ಲಿ ಅಗಲವಾಗಿ, ತುದಿಗಳಲ್ಲಿ ಕಿರಿದಾಗಿ ಆಡುತ್ತದೆ. ಆ ಆಟಕ್ಕೆ ಜಾಗ ಸಿಗಲು ನೆಕ್ಕಿನಲ್ಲಿ ಸಣ್ಣ ತಗ್ಗು ಬೇಕು, ಇದೇ ರಿಲೀಫ್. ಮೊದಲ ಫ್ರೆಟ್‌ಗೆ ಕ್ಯಾಪೊ ಹಾಕಿ, ಆರನೇ ತಂತಿಯನ್ನು ನೆಕ್ ಪೆಟ್ಟಿಗೆಗೆ ಸೇರುವಲ್ಲಿ ಒತ್ತಿ, ಏಳನೇ ಫ್ರೆಟ್ ಮೇಲಿನ ಸಂದು ನೋಡಿ. 0.1ರಿಂದ 0.25 ಮಿ.ಮೀ. ಇರಬೇಕು. ಸಂದೇ ಇಲ್ಲದಿದ್ದರೆ ಮಾತ್ರ ಈಗ ಟ್ರಸ್ ರಾಡ್ ಮುಟ್ಟಿ. ಎಡಕ್ಕೆ ತಿರುಗಿಸಿದರೆ ಸಡಿಲವಾಗಿ ತಗ್ಗು ಹೆಚ್ಚುತ್ತದೆ, ಬಲಕ್ಕೆ ತಿರುಗಿಸಿದರೆ ನೆಕ್ ನೇರವಾಗುತ್ತದೆ. ಒಮ್ಮೆಗೆ ಎಂಟನೇ ಒಂದು ಸುತ್ತು, ಹೆಚ್ಚೆಂದರೆ ಕಾಲು. ಮತ್ತೆ ಶ್ರುತಿ ಮಾಡಿ ಅಳೆಯಿರಿ. ಮರ ಪೂರ್ತಿ ಒಗ್ಗಿಕೊಳ್ಳಲು ಒಂದು ದಿನವೂ ಬೇಕಾಗಬಹುದು. ಅಲೆನ್ ಕೀ ಸಡಿಲವಾಗಿ ಕೂತರೆ ತಿರುಗಿಸಬೇಡಿ, ರಾಡಿನ ನಟ್ಟಿನ ಮೂಲೆ ಸವೆದು ದುಂಡಗಾದರೆ ಸಣ್ಣ ಕೆಲಸ ದೊಡ್ಡದಾಗುತ್ತದೆ. ಬಲಕ್ಕೆ ಬಲವಂತವಾಗಿ ಬಿಗಿಸಬೇಕಾಗಿ ಬಂದರೆ ಅಲ್ಲಿಗೆ ನಿಲ್ಲಿಸಿ. ರಾಡ್ ತುಂಡಾದರೆ ರಿಪೇರಿಯ ಖರ್ಚು ಗಿಟಾರಿನ ಬೆಲೆಯನ್ನು ಮೀರಬಹುದು.

12ನೇ ಫ್ರೆಟ್‌ನ ಆಚೆ ಮಾತ್ರ: ಆಕ್ಷನ್ ತಗ್ಗಿದೆ ಅಥವಾ ನೆಕ್ ಪೆಟ್ಟಿಗೆ ಸೇರುವಲ್ಲಿ ಉಬ್ಬಿದೆ. ಟ್ರಸ್ ರಾಡಿನ ಪ್ರಭಾವ ಅಲ್ಲಿಗೆ ತಲುಪುವುದಿಲ್ಲ. ಸ್ಯಾಡಲಿನ ಅಡಿ ತೆಳು ಮರದ ಪಟ್ಟಿ ಇಟ್ಟು ಎತ್ತರಿಸಿ ನೋಡಿ.

ಒಂದೇ ಒಂದು ಫ್ರೆಟ್‌ನಲ್ಲಿ: ಅದರ ಮುಂದಿನ ಫ್ರೆಟ್ ಎದ್ದು ನಿಂತಿದೆ. ಎಟಿಎಂ ಕಾರ್ಡಿನ ನೇರ ಅಂಚನ್ನು ಮೂರು ಫ್ರೆಟ್‌ಗಳ ಮೇಲೆ ಸೇರುವಂತೆ ನಿಲ್ಲಿಸಿ ಅಲುಗಿಸಿ. ತೊಟ್ಟಿಲಾಡಿದರೆ ನಡುವಿನದು ಎತ್ತರ. ಬೆರಳಲ್ಲಿ ಒತ್ತಿದಾಗ ಅದು ಕುಸಿದು ಮತ್ತೆ ಏಳುತ್ತಿದ್ದರೆ ಸಡಿಲವಾಗಿದೆ, ಕೂರಿಸಿದರೆ ಮುಗಿಯಿತು. ಸಡಿಲವಿಲ್ಲದೆ ಎತ್ತರವಿದ್ದರೆ ಫ್ರೆಟ್ ಲೆವೆಲಿಂಗ್ ಬಲ್ಲವರಿಗೆ ಕೊಡಿ.

ಈಗ ಕಷ್ಟದ್ದು. ಫ್ರೆಟ್ ಯಾವುದೇ ಇರಲಿ, ತಂತಿ ಯಾವುದೇ ಇರಲಿ, ಒಂದು ನಿರ್ದಿಷ್ಟ ಸ್ವರ ಬಂದಾಗಲೆಲ್ಲ ಜರ್ರ್. ಉದಾಹರಣೆಗೆ ಐದನೇ ತಂತಿ ಓಪನ್ ನುಡಿಸಿದರೂ, ಆರನೇ ತಂತಿಯ ಐದನೇ ಫ್ರೆಟ್ ನುಡಿಸಿದರೂ ಅದೇ ಸದ್ದು. ಎರಡೂ 110 ಹರ್ಟ್ಜ್‌ನ ಎ ಸ್ವರವೇ. ಇಲ್ಲಿ ತಂತಿ ನಿರಪರಾಧಿ. ಗಿಟಾರಿನಲ್ಲಿ ಎಲ್ಲೋ ಸಡಿಲವಾದ ವಸ್ತುವೊಂದು ಆ ಕಂಪನಕ್ಕೆ ಅನುರಣಿಸುತ್ತಿದೆ. ಒಬ್ಬರು ಆ ಸ್ವರ ನುಡಿಸುತ್ತಿರಲಿ, ಇನ್ನೊಬ್ಬರು ಒಂದೊಂದೇ ಜಾಗವನ್ನು ಬೆರಳಲ್ಲಿ ಒತ್ತಿ ಹಿಡಿಯಲಿ: ಟ್ಯೂನಿಂಗ್ ಕೀಗಳ ನಟ್ ಮತ್ತು ವಾಷರ್, ಹೆಡ್‌ಸ್ಟಾಕ್ ಮೇಲೆ ಕತ್ತರಿಸದೆ ಬಿಟ್ಟ ತಂತಿಯ ಬಾಲ, ಟ್ರಸ್ ರಾಡಿನ ಮುಚ್ಚಳ, ಪಿಕ್‌ಗಾರ್ಡ್ ಅಂಚು, ಸ್ಟ್ರಾಪ್ ಬಟನ್, ಬ್ಯಾಟರಿ ಡಬ್ಬಿ, ಒಳಗೆ ನೇತಾಡುವ ವೈರ್. ಅಂಗಿಯ ಗುಂಡಿಯೂ ಹಿಂಬದಿಗೆ ತಾಕಿ ಇದೇ ಸದ್ದು ಮಾಡುತ್ತದೆ, ಮೊದಲು ಅದನ್ನು ನೋಡಿ. ಯಾವುದೂ ಸಿಗದಿದ್ದರೆ ತಂತಿಗಳ ಮೇಲೆ ಅಂಗೈ ಇಟ್ಟು ಮೌನಗೊಳಿಸಿ, ಮುಂಬದಿಯ ಹಲಗೆಯನ್ನು ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟುತ್ತ ಹೋಗಿ. ಒಂದು ಕಡೆ ಮಾತ್ರ ಒಡಕು ಸದ್ದು ಬಂದರೆ ಆ ಜಾಗದ ಒಳಗಿನ ಬ್ರೇಸ್ (ಹಲಗೆಗೆ ಆಸರೆಯಾಗಿ ಅಂಟಿಸಿದ ಮರದ ಪಟ್ಟಿ) ಅಂಟು ಬಿಟ್ಟಿದೆ. ಕನ್ನಡಿ, ಟಾರ್ಚ್ ಹಿಡಿದು ನೋಡಿ, ಬ್ರೇಸಿನ ತುದಿಯ ಅಡಿಗೆ ಕಾಗದ ನುಗ್ಗುತ್ತದೆಯೇ ಪರೀಕ್ಷಿಸಿ. ನುಗ್ಗಿದರೆ ಅಲ್ಲಿಗೆ ನಿಮ್ಮ ಕೆಲಸ ಮುಗಿಯಿತು. ಸೂಪರ್ ಗ್ಲೂ ಸುರಿಯಬೇಡಿ. ಅದು ಸಂದಿನಲ್ಲಿ ಗಾಜಿನಂತೆ ಗಟ್ಟಿಯಾಗಿ ಮುಂದಿನ ಸರಿಯಾದ ಅಂಟಿಗೂ ಜಾಗ ಕೊಡುವುದಿಲ್ಲ.

ಒಂದು ಸ್ವರ ಮಾತ್ರ ಬೇಗ ಸಾಯುತ್ತದೆ, ಇಲ್ಲವೇ ಗುಂಯ್ ಎಂದು ಉಬ್ಬುತ್ತದೆ

ಆರೂ ತಂತಿಗಳನ್ನು ಅರ್ಧ ಸ್ವರ ಇಳಿಸಿ ಮತ್ತೆ ನುಡಿಸಿ. ದೋಷ ಅದೇ ಫ್ರೆಟ್‌ನಲ್ಲಿ ಉಳಿದರೆ ಫ್ರೆಟ್ ಕಾರಣ. ಒಂದು ಫ್ರೆಟ್ ಮುಂದಕ್ಕೆ ಸರಿದು ಅದೇ ಸ್ವರದಲ್ಲಿ ಕಾಣಿಸಿದರೆ ಪೆಟ್ಟಿಗೆ ಕಾರಣ.

ಪೆಟ್ಟಿಗೆಗೆ ತನ್ನದೇ ಕಂಪನಗಳಿವೆ. ಸೌಂಡ್‌ಹೋಲಿನ ಗಾಳಿ ಒಳಗೆ ಹೊರಗೆ ಆಡುವುದು ಸಾಮಾನ್ಯ ಗಿಟಾರುಗಳಲ್ಲಿ 100 ಹರ್ಟ್ಜ್ ಆಸುಪಾಸಿನಲ್ಲಿ. ಮುಂಬದಿಯ ಹಲಗೆಯ ಮುಖ್ಯ ಕಂಪನ 200ರ ಆಸುಪಾಸಿನಲ್ಲಿ. ಸೌಂಡ್‌ಹೋಲಿನ ಹತ್ತಿರ ಬಾಯಿಟ್ಟು ತಗ್ಗಿನಲ್ಲಿ ಗುನುಗುತ್ತ ಸ್ವರ ಜಾರಿಸಿದರೆ ಒಂದು ಕಡೆ ಪೆಟ್ಟಿಗೆ ಗುಂಯ್ಗುಡುತ್ತದೆ, ಅದೇ ಗಾಳಿಯ ಕಂಪನ. ತಂತಿಯ ಸ್ವರ ಇವುಗಳ ಮೇಲೆ ಸರಿಯಾಗಿ ಕೂತರೆ ತಂತಿಯ ಶಕ್ತಿಯೆಲ್ಲ ಬೇಗನೆ ಪೆಟ್ಟಿಗೆಗೆ ಹರಿದು ಜೋರಾಗಿ ಕೇಳಿ ಥಟ್ಟನೆ ಆರುತ್ತದೆ. ಇದನ್ನು ವುಲ್ಫ್ ನೋಟ್ ಅನ್ನುತ್ತಾರೆ. ಹಗುರವಾಗಿ ಕಟ್ಟಿದ ದುಬಾರಿ ಗಿಟಾರುಗಳಲ್ಲೂ ಇರುತ್ತದೆ, ಗಾಬರಿ ಬೇಡ. ಬ್ರಿಡ್ಜಿನ ಹಿಂದೆ ಹಲಗೆಯ ಮೇಲೆ ಐದು ಹತ್ತು ಗ್ರಾಂ ಅಂಟುಜೇಡಿ ಅಂಟಿಸಿದರೆ ಹಲಗೆಯ ಕಂಪನ ತುಸು ಇಳಿದು ಆ ಉಬ್ಬು ಎರಡು ಸ್ವರಗಳ ಸಂದಿಗೆ ಸರಿಯಬಹುದು. ಸರಿದರೆ ಅದೇ ತೂಕವನ್ನು ಒಳಬದಿಗೆ ಅಂಟಿಸಿಕೊಂಡರಾಯಿತು.

ದನಿ ಮಂಕಾಗಿದೆ

ಹಳೆ ತಂತಿ. ಹೆಚ್ಚಿನ ಸಲ ಇಷ್ಟೇ ಉತ್ತರ. ಸುರುಳಿಯೊಳಗೆ ಕೊಳೆ ಸೇರಿದಾಗ ಮೊದಲು ಸಾಯುವುದು ಮೇಲಿನ ಹಾರ್ಮೋನಿಕ್‌ಗಳು, ಹೊಳಪು ಇರುವುದು ಅಲ್ಲೇ. ತಂತಿ ಕುದಿಸಿ ಹಾಕುವ ಉಪಾಯ ಬಹಳ ದಿನ ಬಾಳುವುದಿಲ್ಲ.

ಮೀಟುವ ಜಾಗವನ್ನೂ ನೋಡಿ. ತಂತಿಯ ನಡುವಲ್ಲಿ ಮೀಟಿದರೆ ಎರಡನೆಯ, ನಾಲ್ಕನೆಯ, ಆರನೆಯ ಹಾರ್ಮೋನಿಕ್‌ಗಳು ಹುಟ್ಟುವುದೇ ಇಲ್ಲ. ಬ್ರಿಡ್ಜ್ ಹತ್ತಿರ ಹೋದಷ್ಟೂ ದನಿ ಚೂಪಾಗುತ್ತದೆ. ಕೈ ಬದಲಾದದ್ದನ್ನು ಗಿಟಾರಿನ ದೋಷ ಎಂದುಕೊಳ್ಳುವುದುಂಟು.

ಹೊಸ ತಂತಿ ಹಾಕಿದ ಮೇಲೂ ಒಂದೇ ತಂತಿ ಮಂಕಾಗಿದ್ದರೆ ಅದರ ಬಾಲ್ ಎಂಡ್ (ತುದಿಯ ಲೋಹದ ಗುಂಡು) ಬ್ರಿಡ್ಜ್ ಪ್ಲೇಟಿಗೆ (ಬ್ರಿಡ್ಜಿನ ಅಡಿ ಒಳಬದಿಯ ಮರದ ತುಂಡು) ಒರಗದೆ ಪಿನ್ನಿನ ತುದಿಯಲ್ಲಿ ನಿಂತಿದೆ. ಒಳಗೆ ಕೈಹಾಕಿ ತಡವಿ ನೋಡಿ. ಎಲ್ಲವೂ ಮಂಕಾಗಿದ್ದರೆ ಸ್ಯಾಡಲ್ ತನ್ನ ಗಾಡಿಯಲ್ಲಿ ಪೂರ್ತಿ ಕೂತಿಲ್ಲದಿರಬಹುದು. ತಂತಿ ಎಷ್ಟು ತೆಳುವೆಂದರೆ ತಾನಾಗಿ ಗಾಳಿಯನ್ನು ಅಲುಗಿಸಲಾರದು. ಕೇಳುವುದೆಲ್ಲ ಸ್ಯಾಡಲ್, ಬ್ರಿಡ್ಜ್ ದಾಟಿ ಹಲಗೆಗೆ ಹೋದದ್ದು. ದಾರಿಯಲ್ಲಿ ಸಂದಿದ್ದರೆ ಅಲ್ಲೇ ನಷ್ಟ.

ಮಳೆಗಾಲದಲ್ಲಿ ಒತ್ತಲಾಗದಷ್ಟು ಗಟ್ಟಿ, ಬೇಸಿಗೆಯಲ್ಲಿ ಜರ್ರ್

ಮರ ತೇವ ಹೀರಿ ಎಳೆಗೆ ಅಡ್ಡಲಾಗಿ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಮಂಗಳೂರು, ಉಡುಪಿಯ ಜುಲೈನಲ್ಲಿ ಹಲಗೆ ಉಬ್ಬಿ ತಂತಿ ಮೇಲೇಳುತ್ತದೆ, ದನಿಯೂ ದಪ್ಪವಾಗುತ್ತದೆ. ಕಲಬುರಗಿಯ ಏಪ್ರಿಲ್‌ನಲ್ಲೋ ದಿನವಿಡೀ ಏಸಿ ಓಡುವ ಕೋಣೆಯಲ್ಲೋ ಹಲಗೆ ತಗ್ಗಿ ತಂತಿ ಫ್ರೆಟ್‌ಗೆ ತಾಕುತ್ತದೆ. ನೆಕ್ಕಿನ ಅಂಚಿಗೆ ಬೆರಳು ಸವರಿದಾಗ ಫ್ರೆಟ್ ತುದಿಗಳು ಚುಚ್ಚಿದರೆ ಮರ ಒಣಗಿದೆ ಎಂಬುದಕ್ಕೆ ಮೊದಲ ಸಾಕ್ಷಿ. ಬಿರುಕು ಆಮೇಲೆ ಬರುತ್ತದೆ. ಅದೇ ಕಾರಣಕ್ಕೆ ಋತುವಿಗೊಮ್ಮೆ ಸ್ಯಾಡಲ್ ಉಜ್ಜುವುದು ಮೂರ್ಖತನ. ಗಿಟಾರನ್ನು ಕೇಸಿನಲ್ಲಿಡಿ, ಜೊತೆಗೊಂದು ಅಗ್ಗದ ಹೈಗ್ರೋಮೀಟರ್ ಇಡಿ, ತೇವಾಂಶ ಶೇ. 45–55ರೊಳಗೆ ತನ್ನಿ. ಮಳೆಗಾಲಕ್ಕೆ ಸಿಲಿಕಾ ಜೆಲ್, ಬೇಸಿಗೆಗೆ ತೂತಿರುವ ಡಬ್ಬಿಯಲ್ಲಿ ಹಿಂಡಿದ ಒದ್ದೆ ಸ್ಪಂಜು. ಎರಡು ವಾರ ಕಾದು ಆಮೇಲೆ ಅಳೆಯಿರಿ.

ತೇವಾಂಶ ಸರಿಯಾದ ಮೇಲೂ ಆಕ್ಷನ್ ಎತ್ತರದಲ್ಲೇ ಇದ್ದರೆ ಬ್ರಿಡ್ಜಿನ ಹಿಂಬದಿ ಅಂಚಿನಡಿ ಕಾಗದ ತೂರಿಸಿ ನೋಡಿ. ಕಾಗದ ಒಳಗೆ ಹೋದರೆ ಬ್ರಿಡ್ಜ್ ಏಳುತ್ತಿದೆ: ಆಗಲೇ ತಂತಿ ಸಡಿಲಿಸಿ, ಇನ್ನು ನುಡಿಸಬೇಡಿ. ಬ್ರಿಡ್ಜ್ ಭದ್ರವಾಗಿದ್ದರೆ ಉದ್ದನೆಯ ನೇರ ಪಟ್ಟಿಯನ್ನು ಫ್ರೆಟ್‌ಗಳ ಮೇಲೆ ಮಲಗಿಸಿ. ಅದರ ತುದಿ ಬ್ರಿಡ್ಜಿನ ಮೇಲ್ಮೈಗೆ ತಾಕಬೇಕು. ಎರಡು ಮಿಲಿಮೀಟರ್ ಕೆಳಗೆ ಬ್ರಿಡ್ಜಿನ ಮೈಗೆ ಗುದ್ದಿದರೆ ನೆಕ್ಕಿನ ಕೋನವೇ ಬದಲಾಗಿದೆ. ನೆಕ್ ಕಿತ್ತು ಮತ್ತೆ ಕೂರಿಸುವ ಈ ಕೆಲಸ ಗಟ್ಟಿ ಮರದ ಒಳ್ಳೆಯ ಗಿಟಾರಿಗೆ ಮಾಡಿಸಲು ಯೋಗ್ಯ. ಪ್ಲೈವುಡ್ ಗಿಟಾರಿಗೆ ಅಷ್ಟು ಹಣ ಹಾಕುವ ಬದಲು ಹೊಸದು ಕೊಳ್ಳಿ.

ಆಂಪ್‌ಗೆ ಹಾಕಿದಾಗ ಹಮ್

ಮೊದಲು 9 ವೋಲ್ಟ್ ಬ್ಯಾಟರಿ ಬದಲಿಸಿ, ಬೇರೆ ಕೇಬಲ್ ಹಾಕಿ. ಹೆಚ್ಚಿನ ಪ್ರೀಆಂಪ್‌ಗಳಲ್ಲಿ ಕೇಬಲ್ ಚುಚ್ಚಿಟ್ಟಿರುವಷ್ಟು ಹೊತ್ತೂ ಬ್ಯಾಟರಿ ಖರ್ಚಾಗುತ್ತಿರುತ್ತದೆ. ಆಮೇಲೆ ತಂತಿಗಳನ್ನು ಅಂಗೈಯಲ್ಲಿ ಮೌನಗೊಳಿಸಿ ಟ್ಯೂನರ್ ನೋಡಿ. ಮುಳ್ಳು ಜಿ ಸ್ವರಕ್ಕಿಂತ ಸುಮಾರು 35 ಸೆಂಟ್ ಮೇಲೆ ನಿಂತರೆ ಅದು ನಮ್ಮ 50 ಹರ್ಟ್ಜ್ ವಿದ್ಯುತ್ತಿನ ಸದ್ದು, ಅಥವಾ ಅದರ ಎರಡು ಪಟ್ಟಿನ 100 ಹರ್ಟ್ಜ್‌ನದು. ಚಾರ್ಜರ್, ಡಿಮ್ಮರ್, ಟ್ಯೂಬ್‌ಲೈಟ್ ಆರಿಸಿ, ಬೇರೆ ಸಾಕೆಟ್ ನೋಡಿ.

ತಂತಿ ಮುಟ್ಟಿದಾಗ ಹಮ್ ಕಡಿಮೆಯಾದರೆ ಒಳಗಿನ ಶೀಲ್ಡಿಂಗ್ ಅಥವಾ ಅರ್ಥ್ ಸಂಪರ್ಕ ಸರಿಯಿಲ್ಲದಿರಬಹುದು. ತಂತಿಯೋ ಮೈಕೋ ಮುಟ್ಟಿದಾಗ ಜುಂ ಎಂದು ಶಾಕ್ ಹೊಡೆದರೆ ಮಾತ್ರ ಇದು ಗಿಟಾರಿನ ವಿಷಯವಲ್ಲ: ಆ ಸಾಕೆಟ್‌ಗೆ ಅರ್ಥ್ ಇಲ್ಲ ಅಥವಾ ಆಂಪ್ ಸೋರುತ್ತಿದೆ. ಗಿಟಾರ್ ಮುಟ್ಟದೆ ಮೇನ್ ಸ್ವಿಚ್ ಆರಿಸಿ, ಎಲೆಕ್ಟ್ರಿಷಿಯನ್ ಬಂದು ಅರ್ಥ್ ಅಳೆಯುವ ತನಕ ಆ ಆಂಪನ್ನು ಮತ್ತೆ ಚುಚ್ಚಬೇಡಿ.